ಅಂಗಳದಾಗ ಶಾಲೆ ಕಟ್ಟಿದಾಕಿ: ನಮ್ಮೂರ ಅಂಗನವಾಡಿಯ ಹಿಂದಿನ ತಾರಾಬಾಯಿ ಮೋಡಕ್

ಹಾವೇರಿ: ಬ್ಯಾಡಗಿ ಮಾರ್ಕೆಟ್‌ನಾಗ ಮೆಣಸಿನಕಾಯಿ ಸೀಜನ್ ಶುರುವಾತು ಅಂದ್ರ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬೆಳಿಗ್ಗೆನೇ ತೊಟ್ಟು ಬಿಡಿಸೋ ಕೆಲಸಕ್ಕೆ ಹೊರಡತಾರ. ರಾಣೆಬೆನ್ನೂರು ಕಡೆ ಬೀಜದ ಹೊಲದಾಗ ಕ್ರಾಸಿಂಗ್ ಕೆಲಸ. ಹಾವೇರಿ ಸುತ್ತ ಹತ್ತಿ ಬಿಡಿಸೋದು, ಗೋವಿನಜೋಳ ಮುರಿಯೋದು. ಕೆಲಸ ಯಾವುದೇ ಇರಲಿ, ಹೊರಡೋ ತಾಯಿಗೆ ಒಂದೇ ಚಿಂತಿ: ಮೂರು ವರ್ಷದ ಕೂಸನ್ನ ಎಲ್ಲಿ ಬಿಡಬೇಕು?

ಇವತ್ತು ಅದಕ್ಕೊಂದು ಉತ್ತರ ಐತಿ. ಓಣಿಗೊಂದು ಅಂಗನವಾಡಿ, ಅಲ್ಲೊಬ್ಬ ಟೀಚರ್, ಒಬ್ಬ ಸಹಾಯಕಿ, ಮಧ್ಯಾಹ್ನ ಬಿಸಿ ಊಟ. ನಮ್ಮ ಹಿರಿಯರು ಈಗಲೂ ಬಾಯಿತುಂಬ ಬಾಲವಾಡಿ ಅಂತಲೇ ಕರೀತಾರ. ಆದರೆ ಬಾಲವಾಡಿ, ಅಂಗನವಾಡಿ ಅನ್ನೋ ಎರಡೂ ಪ್ರಯೋಗಗಳ ಹಿಂದೆ ಒಬ್ಬ ಹೆಣ್ಣುಮಗಳ ಜೀವಮಾನದ ದುಡಿಮೆ ಇದೆ ಅನ್ನೋದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅವರ ಹೆಸರು ತಾರಾಬಾಯಿ ಮೋಡಕ್. ಅವರು ನಮ್ಮ ಜಿಲ್ಲೆಯವರಲ್ಲ, ಕನ್ನಡದವರೂ ಅಲ್ಲ. ಆದರೂ ತೀರಾ ಪರಕೀಯರೂ ಅಲ್ಲ. 1956ರ ನವೆಂಬರ್ 1ರವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ ಧಾರವಾಡ ಜಿಲ್ಲೆಯ ತಾಲೂಕುಗಳಾಗಿ ಮುಂಬೈ ಸರ್ಕಾರದ ಕೈಕೆಳಗೇ ಇದ್ದವು. ತಾರಾಬಾಯಿ ಕೆಲಸ ಮಾಡಿದ್ದು ಅದೇ ಮುಂಬೈ ಪ್ರಾಂತದ ಇನ್ನೊಂದು ಮೂಲೆಯಲ್ಲಿ.

ಓದಿದ ಹುಡುಗಿ, ಒಂಟಿ ತಾಯಿ

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬೈಯಲ್ಲಿ. ತಂದೆ-ತಾಯಿ ಪ್ರಾರ್ಥನಾ ಸಮಾಜಕ್ಕೆ ಸೇರಿದವರು. ಹೆಣ್ಣುಮಕ್ಕಳು ಓದಬೇಕು, ವಿಧವೆಯರು ಮತ್ತೆ ಬಾಳಬೇಕು ಅಂತ ಆ ಕಾಲದಲ್ಲೇ ನಂಬಿದ್ದ ಮಂದಿ ಅವರು. ಹೀಗಾಗಿ ಮನೆಯಲ್ಲಿ ಓದಿಗೆ ಅಡ್ಡಿ ಇರಲಿಲ್ಲ. 1914ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಬಿ.ಎ. ಮುಗಿಸಿದರು. ಹೆಣ್ಣುಮಗಳು ಮುಲ್ಕಿ ಪಾಸಾದರೇ ದೊಡ್ಡ ಸುದ್ದಿಯಾಗುತ್ತಿದ್ದ ಕಾಲ ಅದು.

ಅಮರಾವತಿಯ ವಕೀಲರೊಬ್ಬರ ಜೊತೆ ಮದುವೆ ಆಯಿತು. ಒಬ್ಬ ಮಗಳು ಹುಟ್ಟಿದಳು. ಆದರೆ ಸಂಸಾರ ನಿಲ್ಲಲಿಲ್ಲ. ಗಂಡನಿಂದ ಬೇರೆಯಾಗಿ, ಮಗಳನ್ನು ಕಟ್ಟಿಕೊಂಡು ತಮ್ಮ ಕಾಲ ಮೇಲೆ ತಾವೇ ನಿಂತರು. ನೂರು ವರ್ಷದ ಹಿಂದೆ ಇದು ಸಣ್ಣ ಮಾತಲ್ಲ. ಮಂದಿ ಏನಂದಿರಬಹುದು ಅಂತ ನಾವು ಊಹೆ ಮಾಡಬಹುದು. ಇವತ್ತೂ ನಮ್ಮ ಓಣಿಗಳಲ್ಲಿ ಅಂಥ ಮಾತಿಗೇನೂ ಬರ ಇಲ್ಲ.

ಗುಜರಾತಿನ ರಾಜಕೋಟದಲ್ಲಿ ಬಾರ್ಟನ್ ಹೆಸರಿನ ಹೆಣ್ಣುಮಕ್ಕಳ ಶಿಕ್ಷಕಿ ತರಬೇತಿ ಕಾಲೇಜು ಇತ್ತು. ತಾರಾಬಾಯಿ ಅದರ ಪ್ರಿನ್ಸಿಪಾಲರಾದರು. ಒಳ್ಳೆಯ ಸಂಬಳ, ಒಳ್ಳೆಯ ಮರ್ಯಾದೆ. ಬೇರೆಯವರಾಗಿದ್ದರೆ ಪಿಂಚಣಿ ಬರೋವರೆಗೂ ಅಲ್ಲೇ ಕುಂತಿರುತ್ತಿದ್ದರು. ಇವರು ಬಿಟ್ಟು ಬಂದರು.

ವಕೀಲಿಕೆ ಬಿಟ್ಟ ಗಿಜುಭಾಯಿ

ಭಾವನಗರದಲ್ಲಿ ದಕ್ಷಿಣಾಮೂರ್ತಿ ಅನ್ನೋ ಸಂಸ್ಥೆ ಇತ್ತು. ಅಲ್ಲಿ ಗಿಜುಭಾಯಿ ಬಧೇಕಾ ಅನ್ನೋರು ವಕೀಲಿಕೆ ಬಿಟ್ಟು, 1920ರಲ್ಲಿ ಸಣ್ಣ ಮಕ್ಕಳಿಗಾಗಿ ಬಾಲಮಂದಿರ ಶುರುಮಾಡಿದ್ದರು. ಬೆತ್ತ ಇಲ್ಲ, ಬಾಯಿಪಾಠದ ಕಾಟ ಇಲ್ಲ. ಕಥೆ, ಹಾಡು, ಆಟ, ಮಣ್ಣು, ನೀರು. ಇಟಲಿಯ ಮಾರಿಯಾ ಮಾಂಟೆಸ್ಸರಿ ಅವರ ಪದ್ಧತಿಯನ್ನು ಓದಿ, ಅದನ್ನು ನಮ್ಮ ದೇಶದ ಮಕ್ಕಳಿಗೆ ಹೊಂದುವಂತೆ ಬಳಸತೊಡಗಿದ್ದರು. ಮಕ್ಕಳ ಮೇಲಿನ ಅವರ ಅಕ್ಕರೆ ನೋಡಿ ಜನ ಅವರನ್ನು ಮೀಸೆಯ ತಾಯಿ ಅಂತ ಕರೆದರು.

ತಾರಾಬಾಯಿ ಅಲ್ಲಿ ಸೇರಿಕೊಂಡರು. ಇಬ್ಬರೂ ಕೂಡಿ ಶಿಕ್ಷಣ ಪತ್ರಿಕೆ ನಡೆಸಿದರು, ತಂದೆ-ತಾಯಂದಿರಿಗಾಗಿ ಬರೆದರು, ಶಿಕ್ಷಕಿಯರನ್ನು ತಯಾರು ಮಾಡಿದರು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಹುಟ್ಟಿತು. ಮಾಂಟೆಸ್ಸರಿಯವರು ಭಾರತಕ್ಕೆ ಕಾಲಿಟ್ಟಿದ್ದು 1939ರಲ್ಲಿ. ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಭಾವನಗರದಲ್ಲಿ ಈ ಕೆಲಸ ನಡೆದಿತ್ತು. ಗಿಜುಭಾಯಿ ತೀರಿಕೊಂಡಿದ್ದೂ ಅದೇ 1939ರಲ್ಲೇ.

ಅಷ್ಟರಲ್ಲಿ ತಾರಾಬಾಯಿ ಮುಂಬೈಗೆ ಮರಳಿ 1936ರಲ್ಲಿ ದಾದರ್‌ನಲ್ಲಿ ಶಿಶುವಿಹಾರ ಕಟ್ಟಿದ್ದರು. ಶಾಲೆ ಚೆನ್ನಾಗಿ ನಡೆಯಿತು, ಹೆಸರೂ ಬಂತು. ಆದರೆ ಅವರಿಗೆ ಒಂದು ವಿಷಯ ಚುಚ್ಚುತ್ತಿತ್ತು. ಅಲ್ಲಿಗೆ ಬರುತ್ತಿದ್ದವರು ಪಟ್ಟಣದ ಅನುಕೂಲಸ್ಥರ ಮಕ್ಕಳು. ಮಾಂಟೆಸ್ಸರಿ ಸಾಮಾನುಗಳೋ ಬಲು ದುಬಾರಿ. ಫೀ ಕಟ್ಟೋ ಶಕ್ತಿ ಇಲ್ಲದವರ, ಕೂಲಿಕಾರರ ಮಕ್ಕಳಿಗೆ ಇದರಿಂದ ಏನು ಬಂತು? ಈ ಪ್ರಶ್ನೆಯೇ ಅವರನ್ನು ಹಳ್ಳಿಗೆ ಎಳೆದುಕೊಂಡು ಹೋಯಿತು.

ಬೋರ್ಡಿಯ ಅಂಗಳ

1945ರಲ್ಲಿ ಅವರು ಬೋರ್ಡಿಗೆ ಬಂದರು. ಆಗಿನ ಠಾಣೆ ಜಿಲ್ಲೆ, ಈಗಿನ ಪಾಲಘರ ಜಿಲ್ಲೆಯಲ್ಲಿ, ಗುಜರಾತ್ ಗಡಿಯ ಹತ್ತಿರ ಸಮುದ್ರದಂಡೆಯ ಊರು ಇದು. ವಯಸ್ಸು ಐವತ್ಮೂರು. ಅದೇ ವರ್ಷ ಆ ಭಾಗದ ವಾರ್ಲಿ ಆದಿವಾಸಿಗಳು ಜಮೀನ್ದಾರರ ಬಿಟ್ಟಿ ದುಡಿಮೆಯ ವಿರುದ್ಧ ತಿರುಗಿ ಬಿದ್ದಿದ್ದರು. ಹೊಟ್ಟೆಗೇ ಇಲ್ಲದ ಕಡೆ ಸಣ್ಣ ಮಕ್ಕಳ ಶಾಲೆ ಅಂದರೆ ಯಾರಿಗೆ ಬೇಕಾಗಿತ್ತು?

ಶಾಲೆ ತೆರೆದರು. ಮಕ್ಕಳು ಬರಲಿಲ್ಲ. ಮನೆಮನೆಗೆ ಹೋಗಿ ಕರೆದರೂ ಬರಲಿಲ್ಲ. ಕಾರಣ ಹುಡುಕಿದಾಗ ಅವರಿಗೆ ಕಂಡದ್ದು ನಮ್ಮ ತಾಲೂಕಿನ ಯಾವ ಟೀಚರಿಗೂ ಹೊಸದಲ್ಲ. ಅಪ್ಪ-ಅವ್ವ ಕೂಲಿಗೆ ಹೋದರೆ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ ಒಂದು ವರ್ಷದ ತಮ್ಮ. ಅವಳು ಶಾಲೆಗೆ ಬಂದರೆ ಆ ಕೂಸು ಯಾರ ಪಾಲಿಗೆ? ಇನ್ನು ಗಂಡುಹುಡುಗರು ದನದ ಹಿಂದೆ ಅಡವಿಗೆ.

ಇಲ್ಲೇ ತಾರಾಬಾಯಿ ಅವರ ದೊಡ್ಡತನ ಇರೋದು. ಜನರಿಗೆ ಬುದ್ಧಿ ಇಲ್ಲ ಅಂತ ಬೈದು ಕೂರಲಿಲ್ಲ, ಶಾಲೆಯನ್ನೇ ಬದಲಾಯಿಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಹತ್ತಿರ ಹೋಗಬೇಕು ಅನ್ನೋದು ಅವರ ಲೆಕ್ಕ. ಬಾಲವಾಡಿಯಲ್ಲಿ ಎರಡು ಬಗೆ ಮಾಡಿದರು. ಒಂದು, ಗೊತ್ತಾದ ಸಮಯಕ್ಕೆ ಒಂದೇ ಕಟ್ಟಡದಲ್ಲಿ ನಡೆಯುವ ಕೇಂದ್ರ ಬಾಲವಾಡಿ. ಇನ್ನೊಂದು, ಕೇರಿಯ ಅಂಗಳದಲ್ಲೇ, ಮಕ್ಕಳಿಗೆ ಅನುಕೂಲವಾದ ಹೊತ್ತಿಗೆ ನಡೆಯುವ ಅಂಗಣ ಬಾಲವಾಡಿ. ಶಿಕ್ಷಕಿಯರು ಸಾಮಾನು ಹೊತ್ತುಕೊಂಡು ಕೇರಿಗೇ ಹೋಗುತ್ತಿದ್ದರು. ಮೊದಲು ಮಕ್ಕಳ ಕೈಕಾಲು-ಮುಖ ತೊಳೆಸೋದು, ತಲೆ ಬಾಚೋದು. ಆಮೇಲೆ ಹಾಡು, ಕಥೆ, ಆಟ.

ದುಬಾರಿ ಸಾಮಾನಿನ ತಂಟೆಯೂ ಅಲ್ಲೇ ಮುಗಿಯಿತು. ಸಮುದ್ರದ ಚಿಪ್ಪು, ಬೀಜ, ಎಲೆ, ಹರಳು, ಜೇಡಿಮಣ್ಣು. ಎಣಿಸೋದಕ್ಕೂ ಅವೇ, ಬಣ್ಣ ಗುರುತಿಸೋದಕ್ಕೂ ಅವೇ. ಪೇಟೆಯಿಂದ ತರಬೇಕಾದ್ದು ಬಹಳ ಕಡಿಮೆ.

ಈ ಕೆಲಸದಲ್ಲಿ ಅವರಿಗೆ ಬಲಗೈಯಾಗಿ ನಿಂತವರು ಅನುತಾಯಿ ವಾಘ್. ಬಾಲ್ಯದಲ್ಲೇ ವಿಧವೆಯಾಗಿ, ಓದಿ ಶಿಕ್ಷಕಿಯಾದವರು. 1945ರಿಂದ ಕೊನೆಯವರೆಗೂ ಇಬ್ಬರ ದಾರಿ ಒಂದೇ. ತಾರಾಬಾಯಿ ಯೋಚನೆ ಹಾಕಿಕೊಟ್ಟರೆ ಅದನ್ನು ನೆಲದ ಮೇಲೆ ನಡೆಸಿದವರು ಅನುತಾಯಿ.

ಕೋಸಬಾಡ ಗುಡ್ಡ

1957ರಲ್ಲಿ ಕೇಂದ್ರ ಬೋರ್ಡಿಯ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಯಿತು, ವಾರ್ಲಿಗಳ ನಡುವಿಗೆ. ಅಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ಕೂಸುಗಳ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿ ವಿಕಾಸವಾಡಿ ಮಾಡಿದರು. ಅಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರಲಿ. ತಮ್ಮ ತೊಟ್ಟಿಲಿಗೆ, ನಡುವಿನವ ಬಾಲವಾಡಿಗೆ, ಅಕ್ಕ ತರಗತಿಗೆ. ದನಗಾಹಿ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಶಾಲೆ. ದನ ಮೇಯುತ್ತಿದ್ದರೆ ಪಕ್ಕದಲ್ಲೇ ಪಾಠ.

ಈಗ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆ ಕೂಸಿನ ಮನೆ ಶುರುವಾಗಿವೆಯಲ್ಲ, ಅದರ ಹಿಂದಿನ ವಿಚಾರ ಎಷ್ಟು ಹಳೇದು ನೋಡ್ರಿ.

ಸರ್ಕಾರ ಎಚ್ಚೆತ್ತದ್ದು

ಆ ಕಾಲದಲ್ಲಿ ಮೂರು ವರ್ಷದ ಮಕ್ಕಳ ಶಿಕ್ಷಣ ಸರ್ಕಾರದ ಕೆಲಸ ಅಂತ ಯಾರೂ ಅಂದುಕೊಂಡಿರಲಿಲ್ಲ. 1944ರ ಸಾರ್ಜೆಂಟ್ ವರದಿ ಮಾತ್ರ ಸಣ್ಣ ಮಕ್ಕಳ ಶಾಲೆ ಪುಕ್ಕಟೆ ಇರಬೇಕು ಅಂತ ಹೇಳಿತ್ತು. ಸ್ವಾತಂತ್ರ್ಯದ ಹೊತ್ತಿನಲ್ಲಿ ತಾರಾಬಾಯಿ ಮುಂಬೈ ವಿಧಾನಸಭೆಯ ಸದಸ್ಯರೂ ಆಗಿದ್ದರು. ನಮ್ಮ ತಾಲೂಕುಗಳ ಪ್ರತಿನಿಧಿಗಳೂ ಕೂರುತ್ತಿದ್ದ ಸಭೆ ಅದು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಮುಂದಾಳುತನದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಮಹಿಳಾ ಮಂಡಳಗಳು ನಡೆಸುವ ಬಾಲವಾಡಿಗಳಿಗೆ ಅನುದಾನ ಸಿಗತೊಡಗಿತು. ಬಾಲವಾಡಿ ಅನ್ನೋ ಹೆಸರು ನಮ್ಮ ಹಿರಿಯರ ಬಾಯಲ್ಲಿ ಉಳಿದದ್ದು ಆ ದಿನಗಳಿಂದಲೇ.

1962ರಲ್ಲಿ ತಾರಾಬಾಯಿ ಅವರಿಗೆ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ತೀರಿಕೊಂಡರು. ಅನುತಾಯಿ 1992ರಲ್ಲಿ ತೀರಿಕೊಳ್ಳುವವರೆಗೂ ಕೋಸಬಾಡದ ಕೆಲಸ ಬಿಡಲಿಲ್ಲ.

ತಾರಾಬಾಯಿ ಹೋಗಿ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಶುರುಮಾಡಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಆ ಯೋಜನೆಯ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಅಂಗಳದ ಶಾಲೆ ದೇಶದ ಶಾಲೆಯಾದದ್ದನ್ನು ನೋಡೋ ಭಾಗ್ಯ ಮಾತ್ರ ಅವರಿಗೆ ಇರಲಿಲ್ಲ.

ಈಗ ನಮ್ಮ ಪಾಳಿ

ಆಮೇಲೆ ಕಾನೂನುಗಳೂ ಬಂದವು. 2002ರ ತಿದ್ದುಪಡಿಯಲ್ಲಿ ಸಂವಿಧಾನದ 45ನೇ ವಿಧಿ, ಆರು ವರ್ಷದವರೆಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ಸರ್ಕಾರ ಪ್ರಯತ್ನಿಸಬೇಕು ಅಂತ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಕಲಿಕೆಯನ್ನೇ ಬುನಾದಿ ಅಂತ ಕರೆಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ಗೌರವಧನ ಅನ್ನೋ ಹೆಸರಿನಲ್ಲಿ ದುಡಿಸಿಕೊಳ್ಳುತ್ತಿದ್ದವರಿಗೆ ಅದು ದೊಡ್ಡ ಆಸರೆ.

ಆದರೆ ಕಾನೂನು, ಅನುದಾನ ಎರಡೂ ಇದ್ದ ಮಾತ್ರಕ್ಕೆ ಕೇಂದ್ರ ನಡೆಯೋದಿಲ್ಲ. ಪೌಷ್ಟಿಕ ಆಹಾರದ ಖರ್ಚನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಾಕುತ್ತವೆ, ಸರಿ. ಬಾಡಿಗೆ ಕೋಣೆಯ ಸೋರುವ ಮಾಳಿಗೆ, ಒಡೆದ ನಳ, ಬಾಗಿಲಿಲ್ಲದ ಶೌಚಾಲಯದ ಕಡತ ಮಾತ್ರ ಟೇಬಲ್‌ನಿಂದ ಟೇಬಲ್‌ಗೆ ತಿರುಗೋ ಹೊತ್ತಿಗೆ ಆ ಮಕ್ಕಳು ಒಂದನೇ ತರಗತಿಗೆ ಹೋಗಿಬಿಟ್ಟಿರುತ್ತಾರೆ. ಹತ್ತು ಸಾವಿರ ಡೊನೇಶನ್ ಕೊಟ್ಟು ಮೂರು ವರ್ಷದ ಮಗನ್ನ ಕಾನ್ವೆಂಟಿಗೆ ಹಚ್ಚೋ ನಾವು, ನಮ್ಮದೇ ಓಣಿಯ ಅಂಗನವಾಡಿ ಒಳಗೆ ಕಡೆಗೆ ಕಾಲಿಟ್ಟದ್ದು ಯಾವಾಗ? ಬಹುಶಃ ಪೋಲಿಯೊ ಹನಿ ಹಾಕಿಸೋ ದಿನ.

ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ. ತಾಯಂದಿರು, ಊರಿನವರು ಅದರಲ್ಲಿ ಇರಬೇಕು. ಎಷ್ಟೋ ಕಡೆ ಅದು ಸಹಿ ಹಾಕೋ ಪುಸ್ತಕದಲ್ಲಿ ಮಾತ್ರ ಇರೋದು. ಸಮಿತಿ ಸಭೆ ಯಾವಾಗ ಅಂತ ಟೀಚರನ್ನು ಕೇಳಿದರೆ ಸಾಕು, ಅರ್ಧ ಕೆಲಸ ಆದಂಗೆ. ಜಾಗ ಇದ್ದವರು ನಿವೇಶನ ಕೊಡಬಹುದು. ಹಾರ್ಡ್‌ವೇರ್ ಅಂಗಡಿಯವರು ಒಂದು ನಳ ಕೂರಿಸಬಹುದು. ಬಟ್ಟೆ ಅಂಗಡಿಯವರು ಜಮಖಾನೆ ಕೊಡಬಹುದು. ಕಿರಾಣಿ ಅಂಗಡಿಯ ಖಾಲಿ ಡಬ್ಬಿ, ಪೇಪರ್ ಪೆಟ್ಟಿಗೆ ಕೂಡ ಅಲ್ಲಿ ಆಟದ ಸಾಮಾನೇ. ಕೊಟ್ಟದ್ದರ ಮೇಲೆ ಹೆಸರು ಬರೆಸಲೇಬೇಕು ಅಂತೇನಿಲ್ಲ.

ಬೋರ್ಡಿಯಲ್ಲಿ ತಾರಾಬಾಯಿ ಕೈಯಲ್ಲಿ ಇದ್ದದ್ದು ಚಿಪ್ಪು, ಬೀಜ, ಹರಳು ಅಷ್ಟೇ. ಬ್ಯಾಡಗಿಯ ಕಣದಲ್ಲಿ, ರಾಣೆಬೆನ್ನೂರಿನ ಬೀಜದಂಗಡಿಯಲ್ಲಿ, ಹಾವೇರಿಯ ಹೊಲದಲ್ಲಿ ಬೀಜಕ್ಕೇನು ಕೊರತೆ? ನಾಳೆ ಅಂಗಡಿ ಬಾಗಿಲು ತೆಗೆಯೋಕೆ ಮೊದಲು ಹತ್ತು ನಿಮಿಷ ನಿಮ್ಮ ಓಣಿಯ ಅಂಗನವಾಡಿಗೆ ಹೋಗಿ ಬರ್ರಿ. ಮಾಳಿಗೆ ನೋಡ್ರಿ, ನೀರು ನೋಡ್ರಿ, ಎಷ್ಟು ಮಕ್ಕಳು ಬಂದಾರ ಅಂತ ಎಣಿಸ್ರಿ. ಏನು ಬೇಕು ಅನ್ನೋದು ಅಲ್ಲೇ ಗೊತ್ತಾಗತೈತಿ.