ರಾಮನ್ನರ ವಜ್ರಗಳು

ಬೆಂಗಳೂರಿನ ರಾಜಾಜಿನಗರದಿಂದ ಯಶವಂತಪುರದ ಮಾರ್ಗವಾಗಿ ಮೇಖ್ರಿ ವೃತ್ತದ ಕಡೆಗೆ ಸಾಗುವವರು ಸಿ. ವಿ. ರಾಮನ್ ರಸ್ತೆಯನ್ನು ಹಾದುಹೋಗುತ್ತಾರೆ. ಅದರ ಬದಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಅಲ್ಲಿಂದ ಅನತಿದೂರದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಇವೆ. ಆ ಮಹಾವಿಜ್ಞಾನಿಯ ಬಾಳಿನ ಉತ್ತರಾರ್ಧ ಕಳೆದದ್ದು ಈ ಎರಡು ಆವರಣಗಳಲ್ಲಿ. ಅಲ್ಲಿ ಅವರ ಮನಸ್ಸನ್ನು ಬಹುಕಾಲ ಸೆರೆಹಿಡಿದ ವಸ್ತು ವಜ್ರ.

ಚಂದ್ರಶೇಖರ ವೆಂಕಟರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಮದರಾಸಿನಲ್ಲಿ ಎಂ.ಎ. ಪದವಿ ಪಡೆದು, ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಯ ವೇಳೆ ಕಳೆದು ಉಳಿದ ಹೊತ್ತೆಲ್ಲ ಪ್ರಯೋಗಶಾಲೆಗೆ ಮೀಸಲು. 1917ರಲ್ಲಿ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು. ಬೆಳಕಿನ ಚದರಿಕೆಯನ್ನು ಕುರಿತು 1928ರಲ್ಲಿ ಅವರು ಕಂಡುಹಿಡಿದ ‘ರಾಮನ್ ಪರಿಣಾಮ’ಕ್ಕೆ 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1933ರಲ್ಲಿ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು.

ಬೇಲೂರು ಹಳೇಬೀಡುಗಳ ಶಿಲ್ಪಿಗಳ ಉಳಿಗೆ ಒಲಿದ ಬಳಪದ ಕಲ್ಲು ಮೃದುವಾದುದು. ಬೆಣಚುಕಲ್ಲು ಚಾಕುವಿನ ಮೊನೆಗೂ ಜಗ್ಗದು. ಬೆಣಚುಕಲ್ಲನ್ನು ಮಾಣಿಕ್ಯ ಗೀರಬಲ್ಲುದು; ಮಾಣಿಕ್ಯವನ್ನು ವಜ್ರ ಗೀರಬಲ್ಲುದು. ಜರ್ಮನಿಯ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರಚಿಸಿದ ಕಾಠಿನ್ಯದ ಶ್ರೇಣಿಯಲ್ಲಿ ಬೆಣಚುಕಲ್ಲಿಗೆ 7, ಮಾಣಿಕ್ಯಕ್ಕೆ 9, ವಜ್ರಕ್ಕೆ 10ನೆಯ ಸ್ಥಾನ. ಈ ಅಂಕಗಳು ಕ್ರಮವನ್ನಷ್ಟೇ ತಿಳಿಸುತ್ತವೆ. ನಿಜವಾಗಿ ವಜ್ರವು ಮಾಣಿಕ್ಯಕ್ಕಿಂತ ಹಲವು ಪಟ್ಟು ಗಟ್ಟಿ. ಆದರೆ ವಜ್ರವೂ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ಇಂಗಾಲವೇ! ವಜ್ರದಲ್ಲಿ ಒಂದೊಂದು ಪರಮಾಣುವೂ ನೆರೆಯ ನಾಲ್ಕರೊಡನೆ ಎಲ್ಲ ದಿಕ್ಕುಗಳಲ್ಲಿಯೂ ಬಿಗಿಯಾಗಿ ಬೆಸೆದುಕೊಂಡಿದೆ. ಗ್ರಾಫೈಟಿನಲ್ಲಿ ಪದರಗಳು ಒಂದರ ಮೇಲೊಂದು ಜಾರುತ್ತವೆ.

ಈ ಬೆಸುಗೆಯ ಗುಟ್ಟನ್ನು ರಾಮನ್ನರು ಬೆಳಕಿನಿಂದಲೇ ಅರಸಿದರು. ವಜ್ರದಿಂದ ಚದರಿದ ಬೆಳಕಿನಲ್ಲಿ ಕಾಣುವ ಒಂದು ತೀಕ್ಷ್ಣರೇಖೆ, ಅದರ ಪರಮಾಣುಗಳು ಎಷ್ಟು ವೇಗವಾಗಿ ಕಂಪಿಸುತ್ತವೆಂಬುದನ್ನು ಸಾರುತ್ತದೆ. ಬಂಧ ಬಿಗಿಯಾದಷ್ಟೂ ಕಂಪನ ತೀವ್ರ. ಪನ್ನಾ ಗಣಿಯವೂ ಸೇರಿದಂತೆ ನೂರಾರು ವಜ್ರಗಳನ್ನು ಅವರು ಸಂಗ್ರಹಿಸಿದರು. ನೇರಳಾತೀತ ಕಿರಣಗಳಲ್ಲಿ ಕೆಲವು ನೀಲಿಯಾಗಿ, ಕೆಲವು ಹಸಿರು ಹಳದಿಯಾಗಿ ಬೆಳಗಿದವು. ಕೆಲವು ಬೆಳಗಲೇ ಇಲ್ಲ. ಈ ಭೇದಕ್ಕೆ ಹರಳಿನ ರಚನೆಯೇ ಕಾರಣವೆಂದು ಅವರು ವಾದಿಸಿದರು.

ಇಲ್ಲಿಯೇ ವಿವಾದ ಹುಟ್ಟಿತು. ಹಿಟ್ಲರನ ಜರ್ಮನಿಯನ್ನು ತೊರೆದಿದ್ದ ಮ್ಯಾಕ್ಸ್ ಬಾರ್ನ್‌ರನ್ನು 1935ರಲ್ಲಿ ಬೆಂಗಳೂರಿಗೆ ಆದರದಿಂದ ಕರೆಸಿಕೊಂಡವರು ರಾಮನ್ನರೇ. ಮುಂದೆ ಹರಳಿನ ಕಂಪನಗಳ ವಿಚಾರದಲ್ಲಿ ಇಬ್ಬರೂ ಎದುರಾಳಿಗಳಾದರು. ವಿಜ್ಞಾನಲೋಕ ಕೊನೆಗೆ ಒಪ್ಪಿದ್ದು ಬಾರ್ನ್‌ರ ಸಿದ್ಧಾಂತವನ್ನು. ವಜ್ರಗಳ ಭೇದಕ್ಕೆ ಅವುಗಳಲ್ಲಿ ಬೆರೆತ ಸಾರಜನಕ ಮುಖ್ಯ ಕಾರಣವೆಂಬುದು 1959ರಲ್ಲಿ ಬೆಳಕಿಗೆ ಬಂತು. ಆದರೂ ರಾಮನ್ನರು ತಮ್ಮ ನಿಲುವನ್ನು ಸಡಿಲಿಸಲಿಲ್ಲ.

ಗೀರಿಗೆ ಅಂಜದ ವಜ್ರ ಸುತ್ತಿಗೆಯ ಪೆಟ್ಟಿಗೆ ಸೀಳುತ್ತದೆ. ಗಟ್ಟಿತನ ಬೇರೆ, ಪೆಟ್ಟನ್ನು ತಾಳುವ ಗುಣ ಬೇರೆ. ಪ್ರತಿಭಾವಂತರ ದೃಢತೆಗೂ ಇಂಥ ಮಿತಿಯುಂಟು. ಆದರೆ ಆ ದೃಢತೆಯಿಲ್ಲದಿದ್ದರೆ, ನಿವೃತ್ತಿಯ ವಯಸ್ಸಿನಲ್ಲಿ, 1948ರಲ್ಲಿ, ಅವರು ಹೊಸ ಸಂಸ್ಥೆಯನ್ನು ಕಟ್ಟಿ ಕಡೆಯವರೆಗೂ ದುಡಿಯುತ್ತಿರಲಿಲ್ಲ. 1954ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು.

1970ರ ನವೆಂಬರ್ 21ರಂದು ರಾಮನ್ನರು ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸಮಾಧಿಯಿಲ್ಲ, ಒಂದು ಮರವಿದೆ. ಅವರ ವಾದದಲ್ಲಿ ಕೆಲವು ಅಳಿದವು. ಪ್ರಶ್ನಿಸುವ ಆ ಹಂಬಲ ಅಳಿಯಲಿಲ್ಲ.