ದುಡ್ಡು ಯಾರ ಮನೆಗೆ ಹೋಗುತ್ತೆ ಅಂತ ಕೇಳೋದು ಕಲಿಸಿದ ಹುದಲಿಯ ಗಂಗಾಧರರಾವ್

ಬೆಳಗಾವಿ: ಬಟ್ಟೆ ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳೋದು ಎರಡೇ ಪ್ರಶ್ನೆ. ರೇಟು ಎಷ್ಟು, ಎಷ್ಟು ದಿನ ಬಾಳಿಕೆ ಬರುತ್ತೆ. ನೂರು ವರ್ಷದ ಹಿಂದೆ ಈ ಭಾಗದ ಜನಕ್ಕೆ ಮೂರನೇ ಪ್ರಶ್ನೆಯೊಂದನ್ನ ಕೇಳೋದು ಕಲಿಸಿದವರು ಗಂಗಾಧರರಾವ್ ದೇಶಪಾಂಡೆ. ಈ ಬಟ್ಟೆ ಮಾಡಿದವರು ಯಾರು, ನಾವು ಕೊಟ್ಟ ದುಡ್ಡು ಯಾರ ಮನೆಗೆ ಹೋಗುತ್ತೆ ಅನ್ನೋದೇ ಆ ಪ್ರಶ್ನೆ. ಕರ್ನಾಟಕದ ಸಿಂಹ, ಖಾದಿ ಭಗೀರಥ ಅಂತ ಹೆಸರಾದ ಇವರ ಬಗ್ಗೆ ಈಗಿನ ಹುಡುಗರಿಗೆ ಗೊತ್ತಿರೋದು ಕಡಿಮೆ.

ಗಂಗಾಧರರಾವ್ ಹುಟ್ಟಿದ್ದು 1871ರ ಮಾರ್ಚ್ 31ರಂದು, ಬೆಳಗಾವಿ ತಾಲ್ಲೂಕಿನ ಹುದಲಿಯಲ್ಲಿ. ಮನೆತನ ವತನದಾರರದ್ದು. ಜಮೀನು, ಮರ್ಯಾದೆ ಎರಡಕ್ಕೂ ಕೊರತೆ ಇರಲಿಲ್ಲ. ಆರಾಮಾಗಿ ಕೂತು ಉಣ್ಣಬಹುದಿತ್ತು. ಆದರೆ ಲೋಕಮಾನ್ಯ ತಿಲಕರ ಸೆಳೆತ ಅವರನ್ನ ಮನೆಯಲ್ಲಿ ಕೂರೋಕೆ ಬಿಡಲಿಲ್ಲ.

1905ರಲ್ಲಿ ಬಂಗಾಳವನ್ನ ಬ್ರಿಟಿಷರು ಎರಡು ಭಾಗ ಮಾಡಿದಾಗ ದೇಶದ ತುಂಬ ಸ್ವದೇಶಿ ಚಳವಳಿ ಎದ್ದಿತು. ವಿದೇಶಿ ಬಟ್ಟೆ ಬೇಡ, ವಿದೇಶಿ ಸಕ್ಕರೆ ಬೇಡ ಅನ್ನೋ ಕೂಗು ಮುಂಬೈ ಪ್ರಾಂತ್ಯಕ್ಕೂ ಬಂತು. ಬೆಳಗಾವಿ ಆಗ ಅದೇ ಪ್ರಾಂತ್ಯದಲ್ಲಿತ್ತು. ತಿಲಕರ ಅನುಯಾಯಿಯಾಗಿ ಗಂಗಾಧರರಾವ್ ಈ ಕೆಲಸಕ್ಕೆ ಇಳಿದರು. ಇಲ್ಲಿನ ರೈತರಿಗೆ ವಿಷಯ ಬಿಡಿಸಿ ಹೇಳೋದು ಕಷ್ಟವೇನೂ ಇರಲಿಲ್ಲ. ಧಾರವಾಡ ಸೀಮೆಯ ಹತ್ತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಿತ್ತು, ಅಲ್ಲಿನ ಗಿರಣಿ ಬಟ್ಟೆ ವಾಪಸ್ ಇಲ್ಲಿನ ಸಂತೆಗೆ ಬರ್ತಿತ್ತು. ಬೆಳೆದವನಿಗೆ ಸಿಗೋದು ಚೂರು, ನಡುವಿನವರಿಗೆ ಸಿಗೋದೇ ಜಾಸ್ತಿ.

ಆದರೆ ಸ್ವದೇಶಿಯಲ್ಲೂ ಒಂದು ತೊಡಕು ಇತ್ತು. ವಿದೇಶಿ ಬಟ್ಟೆ ಬಿಟ್ಟವರು ಮುಂಬೈ, ಅಹಮದಾಬಾದಿನ ಗಿರಣಿ ಬಟ್ಟೆ ಕೊಂಡರು. ಬೇಡಿಕೆ ಏರಿತು, ಗಿರಣಿಯವರು ದರವನ್ನೂ ಏರಿಸಿದರು. ಹಳ್ಳಿಯಲ್ಲಿ ಕೆಲಸ ಇಲ್ಲದೆ ಕೂತವರಿಗೆ ಇದರಿಂದ ಏನೂ ಸಿಗಲಿಲ್ಲ. ಈ ತೊಡಕಿಗೆ ಉತ್ತರ ಅಂತ ಮುಂದೆ ಬಂದದ್ದೇ ಖಾದಿ.

1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಪ್ರಾಂತೀಯ ಸಮ್ಮೇಳನ ನಡೆಯಿತು. ತಿಲಕರ ಹೋಂ ರೂಲ್ ಲೀಗ್ ಹುಟ್ಟಿದ್ದು ಇದೇ ಊರಲ್ಲಿ. ಗಾಂಧೀಜಿ ಕೂಡ ಅದಕ್ಕೆ ಬಂದಿದ್ದರು. 1920ರಲ್ಲಿ ತಿಲಕರು ತೀರಿಕೊಂಡ ಮೇಲೆ ಅವರ ಬಳಗದ ಎಷ್ಟೋ ಜನ ಗಾಂಧಿ ದಾರಿಯನ್ನ ಅನುಮಾನದಿಂದ ನೋಡಿದರು. ಗಂಗಾಧರರಾವ್ ಮಾತ್ರ ಪೂರ್ತಿ ಆ ಕಡೆ ಬಂದರು. ಆಗ ಅವರ ವಯಸ್ಸು ಐವತ್ತರ ಹತ್ತಿರ. ಆ ವಯಸ್ಸಿನಲ್ಲಿ ವತನದಾರ ಮನೆಯ ಮನುಷ್ಯ ದಪ್ಪ ಖಾದಿಗೆ ಬದಲಾದದ್ದು ಸಣ್ಣ ಮಾತಲ್ಲ.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಇದು. ಅದರ ವ್ಯವಸ್ಥೆಯ ಪೂರ್ತಿ ಭಾರ ಹೊತ್ತವರು ಗಂಗಾಧರರಾವ್. ಅಧಿವೇಶನದ ನಗರಕ್ಕೆ ವಿಜಯನಗರ ಅಂತ ಹೆಸರಿಟ್ಟಿದ್ದರು. ನೀರಿಗೆ ತೋಡಿದ ಪಂಪಾ ಸರೋವರ ಬಾವಿ ಇವತ್ತಿಗೂ ಟಿಳಕವಾಡಿಯಲ್ಲಿದೆ.

ಅಲ್ಲಿ ಆದ ತೀರ್ಮಾನ ಎರಡು. ಅಸಹಕಾರ ಚಳವಳಿಯ ಉಳಿದೆಲ್ಲ ಬಹಿಷ್ಕಾರಗಳನ್ನ ನಿಲ್ಲಿಸಲಾಯಿತು, ವಿದೇಶಿ ಬಟ್ಟೆ ಬಹಿಷ್ಕಾರ ಒಂದನ್ನ ಮಾತ್ರ ಉಳಿಸಿಕೊಳ್ಳಲಾಯಿತು. ಇನ್ನೊಂದು, ಕಾಂಗ್ರೆಸ್ ಸದಸ್ಯ ಆಗಬೇಕಂದ್ರೆ ನಾಲ್ಕಾಣೆ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ನೂಲೋಕೆ ಆಗದವರು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು. ಈ ನಿಯಮ ಹೆಚ್ಚು ದಿನ ನಡೀಲಿಲ್ಲ. 1925ರ ಸೆಪ್ಟೆಂಬರ್‌ನಲ್ಲಿ ಪಾಟ್ನಾದಲ್ಲಿ ಮತ್ತೆ ನಾಲ್ಕಾಣೆಗೂ ಒಪ್ಪಿಗೆ ಕೊಟ್ಟರು. ಅದೇ ಸಭೆಯಲ್ಲಿ ಖಾದಿ ಕೆಲಸಕ್ಕಂತಲೇ ಅಖಿಲ ಭಾರತ ಚರಕಾ ಸಂಘ ಹುಟ್ಟಿತು.

ಗಂಗಾಧರರಾವ್ ಅಲ್ಲಿಂದ ಮುಂದೆ ಖಾದಿಯನ್ನ ಬಿಡಲಿಲ್ಲ. 1927ರ ಮಾರ್ಚ್‌ನಲ್ಲಿ ಪ್ರವಾಸದಲ್ಲಿದ್ದ ಗಾಂಧೀಜಿ ಈ ಭಾಗದಲ್ಲೇ ಕಾಯಿಲೆ ಬಿದ್ದಾಗ ಅವರ ಜೊತೆ ನಿಂತರು. ನಂದಿ ಬೆಟ್ಟದಲ್ಲಿ ಚೇತರಿಸಿಕೊಂಡ ಮೇಲೆ ಗಾಂಧೀಜಿ ಕರ್ನಾಟಕದಲ್ಲಿ ಮಾಡಿದ ಖಾದಿ ಪ್ರವಾಸದಲ್ಲೂ ಜೊತೆಗಿದ್ದರು. ಮಧ್ಯೆ ಮಧ್ಯೆ ಜೈಲುವಾಸವೂ ಆಯಿತು. ಮನೆತನದ ಆಸ್ತಿಯ ದೊಡ್ಡ ಪಾಲು ಚಳವಳಿಯಲ್ಲೇ ಕರಗಿತು.

ಖಾದಿ ಮಾರೋದು ಸುಲಭ ಇರಲಿಲ್ಲ. ಗಿರಣಿ ಬಟ್ಟೆ ನುಣುಪು, ಅಗ್ಗ. ಖಾದಿ ಒರಟು, ತುಟ್ಟಿ. ಕೈಯಲ್ಲಿ ಇಡೀ ದಿನ ನೂತರೂ ಬರೋ ನೂಲು ಸ್ವಲ್ಪ, ಕೂಲಿ ಅದಕ್ಕಿಂತ ಸ್ವಲ್ಪ. ಕೂಲಿ ಏರಿಸಿದರೆ ಬಟ್ಟೆ ದರ ಏರುತ್ತೆ, ಇಳಿಸಿದರೆ ನೂಲೋ ಹೆಣ್ಣುಮಗಳ ಹೊಟ್ಟೆಗೆ ಹೊಡೆತ. 1935ರಲ್ಲಿ ಚರಕಾ ಸಂಘ ದರ ಏರಿದರೂ ಚಿಂತೆ ಇಲ್ಲ ಅಂತ ನೂಲುವವರ ಕೂಲಿ ಹೆಚ್ಚಿಸೋ ದಾರಿ ಹಿಡಿಯಿತು. ಇನ್ನೊಂದು ಬಿಕ್ಕಟ್ಟು ನೇಕಾರರದ್ದು. ಗಿರಣಿ ನೂಲು ಹಾಕಿ ಕೈಮಗ್ಗದಲ್ಲಿ ನೇಯ್ದ ಸೀರೆ ಖಾದಿ ಲೆಕ್ಕಕ್ಕೆ ಬರ್ತಿರಲಿಲ್ಲ, ನೇಯ್ದವನು ಊರಿನ ಬಡವನೇ ಆಗಿದ್ದರೂ. ಈ ಎಲ್ಲ ಗಂಟುಗಳನ್ನ ಖಾದಿ ಚಳವಳಿ ಪೂರ್ತಿ ಬಿಚ್ಚಿತು ಅನ್ನೋಕೆ ಆಗಲ್ಲ.

ಆದರೂ ಹುದಲಿಯಲ್ಲಿ ಚರಕ ನಿಲ್ಲಲಿಲ್ಲ. ಆಶ್ರಮ ಕಟ್ಟಿ, ನೂಲೋದು ಕಲಿಸಿ, ಒಂದು ಹಳ್ಳಿಯನ್ನೇ ಖಾದಿಯ ಊರು ಮಾಡಿದ್ದು ಗಂಗಾಧರರಾವ್ ಅವರ ದೊಡ್ಡ ಸಾಧನೆ. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಇಲ್ಲೇ ನಡೆಯಿತು. ಸುಡು ಬಿಸಿಲಲ್ಲಿ ಗಾಂಧೀಜಿ ಈ ಹಳ್ಳಿಯಲ್ಲಿ ಉಳಿದರು.

ಸ್ವಾತಂತ್ರ್ಯ ಬಂದ ಮೇಲೂ ಅಧಿಕಾರದ ಕುರ್ಚಿ ಕಡೆ ಹೋಗದ ಅವರು ಮರಾಠಿಯಲ್ಲಿ ತಮ್ಮ ಜೀವನಕಥೆ ಬರೆದರು. 1960ರ ಜುಲೈ 30ರಂದು ತೀರಿಕೊಂಡಾಗ ವಯಸ್ಸು 89.

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಈಗ ಅವರ ಹೆಸರಿನ ಸ್ಮಾರಕ ಭವನ ಇದೆ. ಹುದಲಿಯಲ್ಲಿ ಇವತ್ತಿಗೂ ಖಾದಿ ತಯಾರಾಗುತ್ತೆ, ಅದನ್ನೇ ನಂಬಿದ ಮನೆಗಳಿವೆ. ಭವನ ನೋಡಿ ಬರೋರು ಹುದಲಿಗೂ ಹೋಗಿ ಒಂದು ಟವೆಲ್ಲೋ, ಒಂದು ಅಂಗಿ ಬಟ್ಟೆಯೋ ಕೊಳ್ಳಬಹುದು. ರೇಟು ಮಾಲ್‌ಗಿಂತ ಜಾಸ್ತಿ ಅನ್ನಿಸಿದರೆ, ಆ ಜಾಸ್ತಿ ದುಡ್ಡು ಯಾರ ಕೈಗೆ ಹೋಗುತ್ತೆ ಅಂತ ಅಲ್ಲೇ ಕೇಳಿ ನೋಡಬಹುದು. ಉತ್ತರ ಹೇಳೋ ಹೆಂಗಸರು ಅಲ್ಲೇ ಚರಕದ ಮುಂದೆ ಇರ್ತಾರೆ.