ಮೂವತ್ತೆರಡು ಅಂಗುಲದ ಅಧ್ಯಾಪಿಕೆ

ತರಗತಿಯ ಅತಿ ಕಿರಿಯ ಮಗುವೂ ತನಗಿಂತ ಎತ್ತರವಾಗಿದ್ದರೆ ಅಧ್ಯಾಪಿಕೆಯ ಪಾಡೇನು? ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮಿಡ್ಲ್‌ಬರೋ ಊರಿನಲ್ಲಿ ಹಾಗೆ ನಿಂತು ಪಾಠ ಹೇಳಿದಾಕೆ ಲವೀನಿಯಾ ವಾರನ್.

1841ರ ಅಕ್ಟೋಬರ್ 31ರಂದು ಹುಟ್ಟಿದ ಆಕೆಯ ಬೆಳವಣಿಗೆ ಬಾಲ್ಯದಲ್ಲೇ ನಿಂತುಹೋಯಿತು. ಪ್ರಾಯಕ್ಕೆ ಬಂದಾಗಲೂ ಎತ್ತರ ಸುಮಾರು 32 ಅಂಗುಲ ಮಾತ್ರ. ಆದರೂ 16ನೆಯ ವಯಸ್ಸಿಗೆ ಊರ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಿಕೆಯಾದಳು. ಮಕ್ಕಳು ಆಕೆಯ ಮಾತು ಕೇಳುತ್ತಿದ್ದರು.

ಅನಂತರ ಆಕೆ ಮಿಸಿಸಿಪಿ ನದಿಯ ತೇಲುವ ಪ್ರದರ್ಶನವೊಂದನ್ನು ಸೇರಿದಳು. 1862ರಲ್ಲಿ ಪ್ರದರ್ಶನ ವ್ಯಾಪಾರದ ಚತುರ ಪಿ. ಟಿ. ಬಾರ್ನಮ್ ಆಕೆಯನ್ನು ನ್ಯೂಯಾರ್ಕಿಗೆ ಕರೆಸಿಕೊಂಡ. ಮರುವರ್ಷ ಫೆಬ್ರವರಿ 10ರಂದು, ಟಾಮ್ ಥಂಬ್ ಎಂಬ ಹೆಸರಿನಿಂದ ಖ್ಯಾತನಾಗಿದ್ದ ಕುಬ್ಜ ಕಲಾವಿದ ಚಾರ್ಲ್ಸ್ ಸ್ಟ್ರಾಟನ್‌ನೊಡನೆ ವಿವಾಹವಾಯಿತು. ಅಂತರ್ಯುದ್ಧದ ಸಾವುನೋವಿನ ನಡುವೆಯೂ ಪತ್ರಿಕೆಗಳ ತುಂಬ ಅದೇ ಸುದ್ದಿ. ಅಧ್ಯಕ್ಷ ಲಿಂಕನ್ ನವದಂಪತಿಗಳನ್ನು ಶ್ವೇತಭವನದಲ್ಲಿ ಸತ್ಕರಿಸಿದರು. 1869ರಿಂದ 1872ರವರೆಗಿನ ವಿಶ್ವಪ್ರವಾಸದಲ್ಲಿ ಅವರು ನಮ್ಮ ಭಾರತಕ್ಕೂ ಬಂದುಹೋದರು.

ಈ ವೈಭವದ ಹಿಂದೆ ಒಂದು ನೋವಿತ್ತು. ದಂಪತಿಗಳಿಗೆ ಮಕ್ಕಳಾಗಲಿಲ್ಲ. ಆದರೆ ಜನರನ್ನು ಸೆಳೆಯಲು ಯಾರದೋ ಹಸುಗೂಸನ್ನು ಆಕೆಯ ಮಡಿಲಲ್ಲಿಟ್ಟು ಚಿತ್ರ ತೆಗೆಸಿ ಮಾರಲಾಯಿತು. ಇಳಿವಯಸ್ಸಿನಲ್ಲಿ ಆಕೆಯೇ ಆ ಸುಳ್ಳನ್ನು ಬಯಲುಮಾಡಿದಳು. ತನ್ನಂತೆಯೇ ಕುಳ್ಳಗಿದ್ದ ತಂಗಿ ಮಿನ್ನಿ 1878ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. 1883ರಲ್ಲಿ ಪತಿಯೂ ಅಗಲಿದ. ಎರಡು ವರ್ಷದ ಬಳಿಕ ಇಟಲಿಯ ಕುಬ್ಜ ಕಲಾವಿದ ಪ್ರಿಮೋ ಮಾಗ್ರಿಯನ್ನು ಮದುವೆಯಾಗಿ, ಹೊಟ್ಟೆಪಾಡಿಗಾಗಿ ಮತ್ತೆ ರಂಗವೇರಿದಳು.

ಜೀವಮಾನವಿಡೀ ಆಕೆಯ ಬಗ್ಗೆ ಬರೆದವರು ಇತರರು. ಎತ್ತರ, ತೂಕ, ಉಡುಪು, ಇಷ್ಟೇ ಅವರಿಗೆ ಬೇಕಾಗಿದ್ದುದು. ಆದುದರಿಂದ ಆಕೆ ತನ್ನ ಕಥೆಯನ್ನು ತಾನೇ ಬರೆಯತೊಡಗಿದಳು. ಅದರ ಕೆಲವು ಭಾಗಗಳು 1906ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಂದವು. ಪುಸ್ತಕವಾಗಿ ಹೊರಬಂದುದು 1979ರಲ್ಲಿ. ಅಷ್ಟರಲ್ಲಿ ಆಕೆ ಕಣ್ಮುಚ್ಚಿ 60 ವರ್ಷಗಳಾಗಿದ್ದವು.

ಬ್ರಿಜ್‌ಪೋರ್ಟಿನ ಸ್ಮಶಾನದಲ್ಲಿ ಸ್ಟ್ರಾಟನ್‌ನ ಸ್ಮಾರಕಸ್ತಂಭ ಎತ್ತರವಾಗಿ ನಿಂತಿದೆ. ಪಕ್ಕದ ಪುಟ್ಟ ಕಲ್ಲಿನ ಮೇಲೆ ಆತನ ಹೆಂಡತಿ ಎಂದಷ್ಟೇ ಕೆತ್ತಿದೆ. ಕಲ್ಲು ಹೇಳದ ಹೆಸರನ್ನು ಆಕೆ ಕೈಯಾರೆ ಬರೆದಿಟ್ಟ ಹಾಳೆಗಳು ಹೇಳುತ್ತಿವೆ. ನಮ್ಮ ಮನೆಗಳ ಹಿರಿಯರೂ ತಮ್ಮ ಕಥೆಯನ್ನು ತಾವೇ ನಾಲ್ಕು ಸಾಲು ಬರೆದಿಡುವುದು ಒಳ್ಳೆಯದು.